ಸಮುದ್ರದ ಬಣ್ಣ ಬಳಿದ ದೋಣಿ

ಕಣ್ಣಾರೆ ಕಂಡೆ ಎಂದು ಹೇಳುವವರನ್ನು ನಾನು ಈಗ ಪೂರ್ತಿಯಾಗಿ ನಂಬುವುದಿಲ್ಲ. ನಂಬಬಾರದವರ ಪಟ್ಟಿ ಮಾಡಿದರೆ ಅದರಲ್ಲಿ ಮೊದಲ ಹೆಸರು ನನ್ನದೇ. ಇದನ್ನು ಒಪ್ಪಿಕೊಳ್ಳುವುದು ನನಗೆ ಸ್ವಲ್ಪ ಕಷ್ಟ, ಯಾಕೆಂದರೆ ಜನ ಕಂಡದ್ದನ್ನು ಕಂಡ ಹಾಗೆ ಬರೆಯುವುದೇ ನನ್ನ ಹೊಟ್ಟೆಪಾಡು. ಕಾರ್ಕಳದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬೆರಳಚ್ಚು ಮಾಡುತ್ತಿದ್ದೇನೆ. ಬಸ್ಸು ಸ್ಕೂಟರಿಗೆ ತಾಗಿದ್ದನ್ನು ಕಂಡವರು, ನೆರೆಮನೆಯವರು ಬೇಲಿಯನ್ನು ಎರಡು ಅಡಿ ಈಚೆಗೆ ತಂದದ್ದನ್ನು ಕಂಡವರು, ಎಲ್ಲರೂ ನಮ್ಮ ಆಫೀಸಿನ ಬೆಂಚಿನ ಮೇಲೆ ಕೂತು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಒಬ್ಬರು ಕಾರು ಬಿಳಿ ಎನ್ನುತ್ತಾರೆ, ಅವರ ಪಕ್ಕದಲ್ಲೇ ನಿಂತಿದ್ದವರು ಕೆಂಪು ಎನ್ನುತ್ತಾರೆ. ಹಗಲು ಹೊತ್ತು, ಮಳೆ ಇಲ್ಲ, ಕಾರು ಮೂಗಿನ ಮುಂದೆ. ಅಷ್ಟು ದೊಡ್ಡ ಕಾರಿನ ಬಣ್ಣ ಕಾಣದವರಿಗೆ ಕಣ್ಣು ಯಾಕೆ ಎಂದು ನಾನು ಮನಸ್ಸಿನಲ್ಲೇ ನಕ್ಕದ್ದುಂಟು. ಆ ನಗುವನ್ನೆಲ್ಲ ಕಳೆದ ವರ್ಷ ಮಳೆ ಬಿಟ್ಟ ಮೇಲಿನ ಒಂದು ಭಾನುವಾರ, ಕಾಪುವಿನ ಕಡಲ ಬದಿಯಲ್ಲಿ ನಿಂತು ಹಿಂದಕ್ಕೆ ತೆಗೆದುಕೊಂಡೆ. ಆ ದಿನ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗಂಟೆ, ನಿಮಿಷಗಳು ಸರಿಯಾಗಿವೆ, ಏಕೆಂದರೆ ಆವತ್ತು ನಾನು ಗಡಿಯಾರ ನೋಡುತ್ತಲೇ ಇದ್ದೆ. ಉಳಿದದ್ದಕ್ಕೆ ಖಾತ್ರಿ ಕೊಡುವುದಿಲ್ಲ.

ನನ್ನ ಮಗಳು ಚೈತ್ರಾ ಮಣಿಪಾಲದ ಒಂದು ಕಾಲೇಜಿನಲ್ಲಿ ವಿಷುವಲ್ ಕಮ್ಯುನಿಕೇಶನ್ ಕಲಿಯುತ್ತಾಳೆ. ಅದರಲ್ಲಿ ಗ್ರಾಫಿಕ್ ಡಿಸೈನ್ ಅವಳ ಮುಖ್ಯ ವಿಷಯ. ಈ ಎರಡು ವಾಕ್ಯಗಳನ್ನು ನಾನು ನೆಂಟರ ಮನೆಗಳಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದ ಕೂಡಲೇ "ಅದು ಕಲಿತು ಎಂತ ಆಗುವುದು?" ಎಂಬ ಪ್ರಶ್ನೆ ಬರುತ್ತದೆ. ಬಿಸ್ಕತ್ತಿನ ಪೊಟ್ಟಣ, ಪುಸ್ತಕದ ಮುಖಪುಟ, ಆಸ್ಪತ್ರೆಯಲ್ಲಿ ಯಾವ ಕಡೆಗೆ ಹೋಗಬೇಕೆಂದು ತೋರಿಸುವ ಬೋರ್ಡು, ಇದನ್ನೆಲ್ಲ ಯಾರೋ ಕೂತು ಯೋಚಿಸಿ ಮಾಡಿರುತ್ತಾರಲ್ಲ, ಇವಳು ಅವರಾಗುವುದು ಎಂದು ನಾನು ವಿವರಿಸುತ್ತೇನೆ. ಕೇಳಿದವರು ತಲೆಯಾಡಿಸಿ, "ಹಾಗಾದರೆ ನಮ್ಮ ಮನೆ ಒಕ್ಕಲಿನ ಕಾಗದ ಅವಳೇ ಮಾಡಿ ಕೊಡಲಿ ಅಲ್ವಾ" ಎನ್ನುತ್ತಾರೆ. ಅವಳು ಮಾಡಿಯೂ ಕೊಟ್ಟಿದ್ದಾಳೆ. ಒಮ್ಮೆ ಗೃಹಪ್ರವೇಶದ ಆಮಂತ್ರಣದ ಸುತ್ತ ಎರಡು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿದ್ದಳು. ಖಾಲಿ ಜಾಗವಿದ್ದರೆ ಕಣ್ಣಿಗೆ ಉಸಿರಾಡಲು ಆಗುತ್ತದಂತೆ. ಮನೆಯವರು ಆ ಜಾಗವನ್ನು ನೋಡಿ ಖುಷಿಪಟ್ಟು, ಬಿಟ್ಟುಹೋಗಿದ್ದ ಹನ್ನೊಂದು ಮಂದಿ ಸೋದರಳಿಯಂದಿರ ಹೆಸರನ್ನು ಅಲ್ಲಿ ಸೇರಿಸಿದರು.

ನನ್ನ ಗಂಡನಿಗೆ ಕಾರ್ಕಳ ಪೇಟೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿ. ಹಾಳಾದದ್ದು ಬರಬೇಕು, ಸರಿಯಾಗಿ ಹೋಗಬೇಕು, ಅದು ಅವರಿಗೆ ಗೊತ್ತಿರುವ ಕೆಲಸ. ಮೊದಲ ವರ್ಷ ಚೈತ್ರಾ ಕುಕ್ಕುಂದೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಒಂದೇ ಕುರ್ಚಿಯ ಚಿತ್ರವನ್ನು ಮೂರು ವಾರ ಬಿಡಿಸಿದಾಗ ಅವರು ಹೇಳಿದ್ದು ಇಷ್ಟೇ: "ಮೂರು ವಾರದಲ್ಲಿ ಕೂತ್ಕೊಳ್ಳುವ ಕುರ್ಚಿಯೇ ಆಗ್ತಿತ್ತು." ಕೊನೆಯ ವರ್ಷ ಬಂದಾಗ ಅವರು ಸಿಟ್ಟಿಲ್ಲದೆ, ಸಮಾಧಾನದಲ್ಲೇ ಒಂದು ಷರತ್ತು ಹಾಕಿದರು. ಓದು ಮುಗಿಯುವುದರೊಳಗೆ ಯಾರಾದರೂ ಕೆಲಸಕ್ಕೆ ಕರೆದರೆ ಒಳ್ಳೆಯದು. ಕರೆಯದಿದ್ದರೆ ಬ್ಯಾಂಕಿನ ಪರೀಕ್ಷೆಗೆ ಕೂತುಕೊಳ್ಳಬೇಕು. ಚೈತ್ರಾ ಒಪ್ಪಿದಳು. ಮಣಿಪಾಲದ ಒಂದು ಸಣ್ಣ ಡಿಸೈನ್ ಸ್ಟುಡಿಯೋದವರು ಆರು ತಿಂಗಳ ತರಬೇತಿಗೆ ಒಬ್ಬರನ್ನು ತೆಗೆದುಕೊಳ್ಳುತ್ತಾರೆ, ಚೆನ್ನಾಗಿ ಮಾಡಿದವರನ್ನು ಇಟ್ಟುಕೊಳ್ಳುತ್ತಾರೆ ಎಂದು ಅವಳ ಮೇಷ್ಟ್ರು ಹೇಳಿದ್ದರು. ಆದರೆ ಸಂದರ್ಶನಕ್ಕೆ ಹೋಗುವಾಗ, ತಾನು ಮಾಡಿದ ಕೆಲಸಗಳನ್ನೆಲ್ಲ ಜೋಡಿಸಿದ ಪುಸ್ತಕ ಒಯ್ಯಬೇಕು. ಅದಕ್ಕೆ ಪೋರ್ಟ್‌ಫೋಲಿಯೋ ಎನ್ನುತ್ತಾರೆ. ಅದರಲ್ಲಿ ಒಂದಾದರೂ ನಿಜವಾದ ಗಿರಾಕಿಗೆ ಮಾಡಿದ ಕೆಲಸ ಇರಬೇಕು. ಮನೆ ಒಕ್ಕಲಿನ ಕಾಗದ ಲೆಕ್ಕಕ್ಕಿಲ್ಲ.

ಗಿರಾಕಿಯನ್ನು ಹುಡುಕಿ ಕೊಟ್ಟವಳು ನಾನು. ಅದನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ತವರು ಕಾಪು. ಅಣ್ಣ ವಾಸು ಅಲ್ಲಿ ಮೀನಿಗೆ ಹೋಗುತ್ತಾನೆ. ದೊಡ್ಡ ಬೋಟಲ್ಲ, ಇಬ್ಬರು ಹೋಗುವ ಇಂಜಿನ್ ದೋಣಿ. ಊರಿನವರಿಗೆ ಅವನು ವಾಸಣ್ಣ. ಅವನ ದೋಣಿ ಎಲ್ಲರಿಗೂ ಗೊತ್ತು, ಯಾಕೆಂದರೆ ಅದು ತುಂಬ ಕೆಂಪು. ಕೆಂಪಿನ ನಡುವೆ ಹಳದಿ ಪಟ್ಟಿ, ಅಂಚಿಗೆ ಹಸಿರು. ನಮ್ಮ ಅಪ್ಪನ ಮರದ ದೋಣಿಗೂ ಅದೇ ಬಣ್ಣ ಇತ್ತು. ಮರ ಹೋಗಿ ಫೈಬರ್ ಬಂದಾಗಲೂ ಅಣ್ಣ ಬಣ್ಣ ಬದಲಿಸಲಿಲ್ಲ. ಮಳೆಗಾಲದಲ್ಲಿ ದೋಣಿ ಮೇಲೆ ಎಳೆದಿಟ್ಟಾಗ, ಹೇಗೂ ಹೊಸದಾಗಿ ಬಣ್ಣ ಬಳಿಯುವುದುಂಟಲ್ಲ, ಈ ಸಲ ಚೈತ್ರಾ ಹೇಳಿದ ಹಾಗೆ ಬಳಿ, ಅವಳ ಜೀವನದ ಪ್ರಶ್ನೆ ಎಂದು ನಾನು ಅಣ್ಣನಿಗೆ ಹೇಳಿದೆ. "ಜೀವನದ ಪ್ರಶ್ನೆ ನನ್ನ ದೋಣಿಯ ಮೇಲೆ ಯಾಕೆ ಮಾರಾಯ್ತಿ?" ಎಂದ. ಆದರೆ ಸೋದರಸೊಸೆಯ ಮೇಲೆ ಅವನಿಗೆ ಪ್ರೀತಿ. ಒಪ್ಪಿದ. ನಾವು ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಕನ್ನಡ ಮಾಡಿ ಬರೆಯುವಾಗ ಅವನ ಮಾತಿನ ಉಪ್ಪು ಸ್ವಲ್ಪ ಕಡಿಮೆಯಾಗುತ್ತದೆ. ಓದುವವರು ಸೇರಿಸಿಕೊಳ್ಳಬೇಕು.

ಚೈತ್ರಾ ಶಿಸ್ತಿನಿಂದ ಶುರು ಮಾಡಿದಳು. ಗಿರಾಕಿಗೆ ಕೇಳಬೇಕಾದ ಪ್ರಶ್ನೆಗಳ ಎರಡು ಪುಟ ತೆಗೆದುಕೊಂಡು ಹೋಗಿ ಅಣ್ಣನ ಎದುರು ಕೂತಳು. ಅಣ್ಣ ಬಲೆ ಸರಿಮಾಡುತ್ತಿದ್ದ.

"ಮಾಮ, ನಿಮ್ಮ ದೋಣಿ ಒಬ್ಬ ಮನುಷ್ಯ ಆಗಿದ್ದರೆ ಅವನು ಹೇಗಿರ್ತಾನೆ?"

"ನನ್ನ ಹಾಗೇ. ಸೊಂಟನೋವು ಉಂಟು."

"ಹಾಗಲ್ಲ ಮಾಮ, ಸ್ವಭಾವ."

"ಬೆಳಿಗ್ಗೆ ಸ್ಟಾರ್ಟ್ ಆಗ್ಲಿಕ್ಕೆ ಬೇಜಾರು. ಒಮ್ಮೆ ಆದ್ರೆ ಸರಿ."

"ನೋಡಿದವರಿಗೆ ಎಂತ ಅನ್ನಿಸ್ಬೇಕು?"

"ಮೀನು ಸಿಕ್ಕಿದೆ ಅಂತ ಅನ್ನಿಸ್ಬೇಕು."

ಅವಳು ಎಲ್ಲವನ್ನೂ ಬರೆದುಕೊಂಡಳು. ದೋಣಿಯಲ್ಲಿ ಅಣ್ಣನ ಜೊತೆಗೆ ಹೋಗುವ ಸದಾಶಿವನನ್ನೂ ಕೇಳಿದಳು. ಅವನು ಐವತ್ತು ದಾಟಿದವನು, ಮಾತು ಕಡಿಮೆ. "ಬಣ್ಣ ಜಾರದಿದ್ರೆ ಸಾಕು" ಎಂದ. ಹದಿನೈದು ದಿನ ಬಿಟ್ಟು ಅವಳು ಮೂರು ಚಿತ್ರ ತಂದಳು. ಮೊದಲನೆಯದರಲ್ಲಿ ಕೆಂಪೇ ಇತ್ತು, ಆದರೆ ಬೇರೆ ರೀತಿ. ಎರಡನೆಯದರಲ್ಲಿ ಮೀನಿನ ಹುರುಪೆಯ ಹಾಗೆ ಗೀರುಗಳು. ಮೂರನೆಯದು ಬೂದಿ ಬೆರೆಸಿದ ನೀಲಿ. ಒಂದು ತೆಳುವಾದ ಬಿಳಿ ಗೆರೆ, ಇಲಾಖೆಯ ನೋಂದಣಿ ಸಂಖ್ಯೆ ಇರಬೇಕಾದಲ್ಲಿ ಸಂಖ್ಯೆ, ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹೆಸರು. ಬೇರೆ ಏನೂ ಇಲ್ಲ. ಅಣ್ಣ ಮೂರನ್ನೂ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟ. ನಾನು ಮೂರನೆಯದನ್ನು ತೋರಿಸಿ, "ಇದು ಸಭ್ಯವಾಗಿ ಉಂಟು" ಎಂದೆ. ಆ ಶಬ್ದವನ್ನು ನಾನು ಮರೆತಿಲ್ಲ. ಮದುವೆಗೆ ಹೋಗುವಾಗ ಉಡುವ ಒಳ್ಳೆಯ ಸೀರೆಯ ಬಣ್ಣ ಅದು. ಅಣ್ಣ, "ನೀವು ಕಲಿತವರು, ನಿಮಗೆ ಗೊತ್ತುಂಟು" ಎಂದ. ಎರಡು ವಾರ ಅವರೆಲ್ಲ ಸೇರಿ ಬಣ್ಣ ಬಳಿದರು. ಊರಿನವರು ಬಂದು ನೋಡಿ ಹೋದರು. ಬುಟ್ಟಿ ಹೊತ್ತು ಮೀನು ಮಾರುವ ಗಿರಿಜಕ್ಕ ಸೊಂಟಕ್ಕೆ ಕೈಯಿಟ್ಟು ಐದು ನಿಮಿಷ ನಿಂತು, "ಒಣಗಿದ ಮೇಲೆ ಬಣ್ಣ ಬರ್ತದಾ?" ಎಂದು ಕೇಳಿದಳು. ನಾನು ಇದನ್ನು ಯಾಕೆ ಇಷ್ಟು ವಿವರವಾಗಿ ಬರೆದೆನೆಂದರೆ, ದೋಣಿಯ ಬಣ್ಣ ಬದಲಾದದ್ದು ಆ ಕಡಲ ಬದಿಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಆಗಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಹೊಸ ಬಣ್ಣದಲ್ಲಿ ದೋಣಿ ಮೊದಲ ಸಲ ಕಡಲಿಗೆ ಹೋದ ಭಾನುವಾರ, ನಾನೂ ಚೈತ್ರಾಳೂ ಎರಡು ಬಸ್ಸು ಬದಲಿಸಿ ಕಾಪುವಿಗೆ ತಲುಪಿದಾಗ ಎಂಟು ಗಂಟೆ ನಲವತ್ತು ನಿಮಿಷ. ದೋಣಿ ಬೆಳಗಿನ ಜಾವವೇ ಹೋಗಿತ್ತು. ಅದು ಅಲೆ ದಾಟಿ ಒಳಗೆ ಬರುವ ಫೋಟೋ ಚೈತ್ರಾಳಿಗೆ ಬೇಕಿತ್ತು. ಪೋರ್ಟ್‌ಫೋಲಿಯೋದ ಮುಖ್ಯ ಪುಟ ಅದೇ. ಕಾಲೇಜಿನಿಂದ ಉದ್ದ ಮೂತಿಯ ಕ್ಯಾಮರಾ ತಂದಿದ್ದಳು. ದೀಪಸ್ತಂಭದ ಬಂಡೆಯ ಬಡಗು ಬದಿಯಲ್ಲಿ, ಅಣ್ಣ ಯಾವಾಗಲೂ ದೋಣಿ ಎಳೆಯುವ ಜಾಗದಲ್ಲಿ ನಾವು ನಿಂತೆವು. ಅತ್ತಿಗೆ ಸುಮತಿ ಇದ್ದಳು. ಗಿರಿಜಕ್ಕ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಆಕಾಶಕ್ಕೆ ತೆಳುವಾದ ಮೋಡ, ನೀರು ಮಂಕು. ಒಂಬತ್ತು ಐವತ್ತಕ್ಕೆ ದೋಣಿಗಳು ಬರಲು ಶುರುವಾದವು. ಅವು ಇನ್ನೂ ಚುಕ್ಕಿಯಷ್ಟಿರುವಾಗಲೇ ಗಿರಿಜಕ್ಕ, "ನೀಲಿ, ಭಾಸ್ಕರಂದು. ಹಸಿರು, ಬಾಬುಂದು" ಎಂದು ಹೇಳುತ್ತ ಹೋದಳು. ಒಂದೂ ತಪ್ಪಲಿಲ್ಲ. ಈ ಹೆಂಗಸರು ಹೀಗೆಯೇ ದೂರದಿಂದ ಬಣ್ಣ ನೋಡಿ, ಯಾರ ದೋಣಿ ಎಲ್ಲಿ ದಡ ಹತ್ತುತ್ತದೆ ಎಂದು ತಿಳಿದು ಮೊದಲೇ ಹೋಗಿ ನಿಲ್ಲುತ್ತಾರೆ. ತಡವಾದರೆ ಮೀನು ಬೇರೆಯವರ ಬುಟ್ಟಿಗೆ.

ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ತೆಂಕು ಬದಿಯಲ್ಲಿ ದೂರದಲ್ಲಿ ಏನೋ ಒಂದು ಕಂಡಿತು. ನಾನು ಕಂಡೆ, ಕಂಡಿಲ್ಲವೆಂದು ಹೇಳುವುದಿಲ್ಲ. ನೀರಿನ ಮೇಲೆ ಇಬ್ಬರು ಸುಮ್ಮನೆ ಕೂತ ಹಾಗಿತ್ತು. ಅವರ ಕೆಳಗೆ ದೋಣಿ ಇದೆಯೆಂದು ಊಹಿಸಿಕೊಳ್ಳಬೇಕಿತ್ತು.

"ಅದು ಯಾರದ್ದು ಗಿರಿಜಕ್ಕ?" ಎಂದೆ.

ಗಿರಿಜಕ್ಕ ಒಮ್ಮೆ ನೋಡಿ, "ಅದು ಸರ್ಕಾರದ್ದು. ಸರ್ವೆಯೋ ಎಂತದೋ. ನಮ್ಮವರದ್ದಾದ್ರೆ ಬಣ್ಣ ಇರ್ತಿತ್ತು" ಎಂದಳು.

ಸರಿ ಎಂದು ನಾನು ಮತ್ತೆ ಪಡುವಣಕ್ಕೆ ಮುಖ ತಿರುಗಿಸಿದೆ. ಅದು ದೀಪಸ್ತಂಭದ ಬಂಡೆಯ ಆಚೆಗೆ ಮರೆಯಾಯಿತು. ನಾವು ನಾಲ್ಕು ಜನ, ಎಂಟು ಕಣ್ಣು, ಕೆಂಪಿಗೆ ಕಾಯುತ್ತ ನಿಂತೆವು.

ಹನ್ನೊಂದಕ್ಕೆ ಎಲ್ಲ ದೋಣಿಗಳೂ ಬಂದಿದ್ದವು, ಅಣ್ಣನದೊಂದು ಬಿಟ್ಟು. ಹನ್ನೊಂದೂ ಇಪ್ಪತ್ತಕ್ಕೆ ಅತ್ತಿಗೆ ಅವನ ಫೋನಿಗೆ ಕರೆ ಮಾಡಿದಳು. ಅದು ಅವಳ ಚೀಲದಲ್ಲೇ ರಿಂಗಾಯಿತು. ಉಪ್ಪುನೀರು ತಾಗಿ ಹಾಳಾಗುತ್ತದೆಂದು ಅವನು ಫೋನನ್ನು ಯಾವಾಗಲೂ ಮನೆಯಲ್ಲೇ ಬಿಡುತ್ತಾನೆ, ಅದು ಅವಳಿಗೂ ಗೊತ್ತಿತ್ತು. ಆದರೂ ಎರಡನೆಯ ಸಲ ಕರೆ ಮಾಡಿದಳು. ಬಂದ ದೋಣಿಯವರನ್ನು ಕೇಳಿದೆವು. ಭಾಸ್ಕರ ತಲೆ ಕೆರೆದುಕೊಂಡು, "ನಾವು ಬರುವಾಗ ವಾಸಣ್ಣನ ದೋಣಿ ಎಲ್ಲೂ ಕಾಣ್ಲಿಲ್ಲ ಮಾರಾಯ್ರೆ. ಕೆಂಪು ಇದ್ರೆ ಕಾಣದೆ ಇರ್ತದಾ?" ಎಂದ. ಬಣ್ಣ ಬಳಿಯುವಾಗ ಬ್ರಷ್ ಹಿಡಿದು ಅರ್ಧ ದಿನ ಸಹಾಯ ಮಾಡಿದವನು ಇದೇ ಭಾಸ್ಕರ. ಅವನ ಮಾತಿನಲ್ಲಿ ತಪ್ಪಿದೆಯೆಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಜನ ಸೇರಿದರು. ಯಾರೂ ಜೋರಾಗಿ ಮಾತಾಡಲಿಲ್ಲ. ಕಡಲ ಬದಿಯ ಜನ ಜೋರು ನಿಲ್ಲಿಸಿದರೆ ಹೆದರಬೇಕು ಎಂದು ಅಲ್ಲೇ ಹುಟ್ಟಿದ ನನಗೆ ಗೊತ್ತು.

ಹನ್ನೊಂದೂ ನಲವತ್ತಕ್ಕೆ ಇಬ್ಬರು ದೋಣಿ ಇಳಿಸಿ ಹುಡುಕಲು ಹೋಗುವ ಮಾತಾಯಿತು. ಆಗ ಯಾರೋ ಹಿರಿಯರು, "ಯಾವ ಬಣ್ಣ ಈಗ ಅವಂದು?" ಎಂದು ಕೇಳಿದರು. ನಾನು ಉತ್ತರ ಹೇಳಲು ಬಾಯಿ ತೆರೆದೆ. ಬೂದಿ ನೀಲಿ ಎನ್ನಬೇಕು. ಎದುರಿಗೆ ಕಾಣುತ್ತಿದ್ದ ನೀರಿನ ಬಣ್ಣವೂ ಅದೇ. ಆ ಬಣ್ಣದ ದೋಣಿ ಮಗುಚಿ ಬಿದ್ದು ಇಬ್ಬರು ಅದನ್ನು ಹಿಡಿದುಕೊಂಡಿದ್ದರೆ, ಹುಡುಕಲು ಹೋದವರು ಪಕ್ಕದಲ್ಲೇ ದಾಟಿ ಹೋದರೂ ಕಾಣುವುದಿಲ್ಲ. ಈ ಯೋಚನೆ ನನ್ನ ತಲೆಗೆ ಬಂದದ್ದು ಆಗಲೇ, ಅದಕ್ಕೆ ಮೊದಲು ಬಂದಿರಲಿಲ್ಲ. ಮೂರು ಚಿತ್ರಗಳಲ್ಲಿ ಅದನ್ನು ಆರಿಸಿದವಳು ನಾನು. ಚೈತ್ರಾ ನನ್ನ ಮುಖ ನೋಡಿದಳು. ಅವಳಿಗೂ ಅದೇ ಯೋಚನೆ ಬಂತೆಂದು ಅವಳ ಮುಖದಲ್ಲಿ ಕಂಡಿತು. ಕ್ಯಾಮರಾವನ್ನು ಎದೆಗೆ ಒತ್ತಿ ಹಿಡಿದಿದ್ದಳು. ಇಷ್ಟರ ಮಧ್ಯೆ ಗುಂಪಿನ ಹಿಂದಿನಿಂದ ಒಂದು ಗಂಡುದನಿ ಕೇಳಿತು.

"ಎಂತ ಆಯ್ತು? ಯಾರ ದೋಣಿ ಬರ್ಲಿಲ್ವಾ?"

"ವಾಸೂದು ಮಾರಾಯ" ಎಂದು ಆ ಹಿರಿಯರು ಕಡಲಿನಿಂದ ಕಣ್ಣು ತೆಗೆಯದೆ ಹೇಳಿದರು.

"ನಂದಾ?" ಎಂದಿತು ಆ ದನಿ. "ಅಯ್ಯೋ ದೇವರೇ, ಎಲ್ಲಿ ಹೋಯ್ತು?"

ನಾನು ತಿರುಗುವಷ್ಟರಲ್ಲಿ ಅಣ್ಣ ಬೈರಾಸು ಟವೆಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡು ಜನರನ್ನು ಸರಿಸಿ ನೀರಿನ ಕಡೆಗೆ ಓಡುತ್ತಿದ್ದ. ಮೊಣಕಾಲಿನ ನೀರಿನಲ್ಲಿ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ನಮ್ಮೆಲ್ಲರ ಹಾಗೆಯೇ ಅವನೂ ಪಡುವಣಕ್ಕೆ ನೋಡಿದ. ಒಂದು ಕ್ಷಣ ಆ ಇಡೀ ಕಡಲ ಬದಿ ವಾಸಣ್ಣನ ಜೊತೆ ಸೇರಿ ವಾಸಣ್ಣನನ್ನು ಹುಡುಕಿತು. ಇದು ಅತಿಶಯೋಕ್ತಿ ಎಂದು ಅನ್ನಿಸಬಹುದು. ನಾನು ಅಲ್ಲೇ ಇದ್ದೆ.

ಮೊದಲು ಎಚ್ಚೆತ್ತವಳು ಅತ್ತಿಗೆ. ಅವಳು ಹೋಗಿ ಅವನ ಬೆನ್ನಿಗೆ ಎರಡೂ ಕೈಯಿಂದ ಬಲವಾಗಿ ಹೊಡೆದು, ಹಿಂದೆ ಬಂದು ಮರಳಿನ ಮೇಲೆ ಕೂತುಬಿಟ್ಟಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ, ಯಾಕೆಂದರೆ ನನ್ನ ಕಣ್ಣೂ ಸ್ಪಷ್ಟವಾಗಿರಲಿಲ್ಲ. ಗಿರಿಜಕ್ಕ ಎದ್ದು ನಿಂತು ಬೊಬ್ಬೆ ಹಾಕಿದಳು, "ಇಲ್ಲಿ ನಿನ್ನ ಹೆಣ ಹುಡುಕ್ಲಿಕ್ಕೆ ಹೊರಟಿದ್ದೇವೆ ಮಾರಾಯ, ನೀನು ಎಂತ, ಬನ್ಸ್ ತಿಂದು ಬರುವುದಾ? ಮೀಸೆಯಲ್ಲಿ ಸಕ್ಕರೆ ಉಂಟು!"

ಬನ್ಸ್ ತಿಂದದ್ದು ನಿಜ. ಇಂಜಿನ್ ಕೆಮ್ಮುತ್ತಿತ್ತಂತೆ. ಬಂಡೆಯ ತೆಂಕು ಬದಿಯಲ್ಲಿ ಇಂಜಿನ್ ರಿಪೇರಿಯವನ ಮನೆ ಹತ್ತಿರ, ಆದ್ದರಿಂದ ಅಲ್ಲೇ ದೋಣಿ ಹತ್ತಿಸಿ, ಇಂಜಿನ್ ಬಿಚ್ಚಿ, ಅದನ್ನೂ ಸಿಕ್ಕಿದ ಸ್ವಲ್ಪ ಮೀನನ್ನೂ ಸದಾಶಿವನ ಜೊತೆ ರಿಕ್ಷಾದಲ್ಲಿ ಕಳಿಸಿ, ಹೋಟೆಲಿನಲ್ಲಿ ಕೂತು ತಿಂದು, ಚಹಾ ಕುಡಿದು, ನಿಧಾನವಾಗಿ ಬಂದಿದ್ದ. ಜನ ಸೇರಿದ್ದು ಕಂಡು ಪಾಪ ಯಾರಿಗೆ ಏನಾಯಿತೋ ಎಂದು ಅವಸರ ಮಾಡಿದನಂತೆ. ತನ್ನ ದೋಣಿ ಎಂದು ಕೇಳಿದಾಗ, ಎಳೆದಿಟ್ಟ ದೋಣಿಯನ್ನು ಅಲೆ ಕೊಂಡುಹೋಯಿತು ಎಂದೇ ಅವನು ತಿಳಿದ. "ಅಲ್ಲೇ ಇಟ್ಟದ್ದು, ಬನ್ನಿ" ಎಂದು ನಮ್ಮನ್ನು ಕರೆದುಕೊಂಡು ಬಂಡೆ ಸುತ್ತಿ ಹೊರಟ. ಬಂಡೆ ದಾಟಿ ಆಚೆ ಕಡೆ ಮರಳು ಕಂಡ ಕೂಡಲೇ ಅವನು ನಿಂತುಬಿಟ್ಟ. "ಇಲ್ಲ! ಹೋಯಿತು!" ಎಂದ. ಅವನ ಮುಖ ಬಿಳುಚಿತು. ದೋಣಿ ನಮ್ಮಿಂದ ನೂರೈವತ್ತು ಹೆಜ್ಜೆ ದೂರದಲ್ಲಿ, ಅವನು ಇಟ್ಟಲ್ಲೇ, ಒದ್ದೆ ಮರಳಿನ ಮೇಲೆ ಇತ್ತು. ಅವನ ಕಣ್ಣೂ ಕೆಂಪನ್ನೇ ಹುಡುಕುತ್ತಿತ್ತು. ಗಿರಿಜಕ್ಕ ಅವನ ಗಲ್ಲ ಹಿಡಿದು ದೋಣಿಯ ಕಡೆಗೆ ತಿರುಗಿಸಬೇಕಾಯಿತು. "ಅಗೋ ನಿನ್ನ ಸರ್ಕಾರಿ ದೋಣಿ!"

ಎಲ್ಲರೂ ನಕ್ಕರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಕ್ಕರು. ನಾನೂ ನಕ್ಕೆ. ಚೈತ್ರಾ ನಗಲಿಲ್ಲ. ದೋಣಿಯ ನೆರಳಿನಲ್ಲಿ ಕೂತು ಕ್ಯಾಮರಾದಲ್ಲಿ ಬೆಳಗ್ಗೆಯ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡುತ್ತಿದ್ದಳು. ನನ್ನನ್ನು ಕರೆದು ತೋರಿಸಿದಳು. ಹನ್ನೊಂದು ಫೋಟೋಗಳಲ್ಲಿ ದೋಣಿ ಇತ್ತು. ಬೆಳಕು ನೋಡಲೆಂದು ಅವಳು ಸುಮ್ಮನೆ ತೆಗೆದವು. ಒಂದರಲ್ಲಿ ಎದುರಿಗೆ ನಾನಿದ್ದೇನೆ, ಹಣೆಗೆ ಕೈ ಅಡ್ಡ ಹಿಡಿದು ಬಹಳ ಗಂಭೀರವಾಗಿ ಪಡುವಣಕ್ಕೆ ನೋಡುತ್ತಿದ್ದೇನೆ. ನನ್ನ ಎಡ ಕಿವಿಯ ಪಕ್ಕದಲ್ಲಿ, ತೆಂಕು ಬದಿಯಲ್ಲಿ, ಅಣ್ಣ ಮತ್ತು ಸದಾಶಿವ ನೀರಿನ ಮೇಲೆ ಕೂತು ಬರುತ್ತಿದ್ದಾರೆ.

"ನಾನೇ ಮಾಡಿದ ಬಣ್ಣ ಅಮ್ಮ. ನನಗೇ ಕಾಣ್ಲಿಲ್ಲ" ಎಂದಳು. ಕ್ಯಾಮರಾ ಆಫ್ ಮಾಡಿ, "ಅಪ್ಪ ಹೇಳಿದ ಹಾಗೆ ಬ್ಯಾಂಕ್ ಪರೀಕ್ಷೆಗೇ ಕೂತ್ಕೊಳ್ತೇನೆ. ಇದು ನನ್ನಿಂದ ಆಗುವ ಕೆಲಸ ಅಲ್ಲ" ಎಂದಳು.

ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಅಣ್ಣ ಹುಡುಕಲಿಲ್ಲ. "ಬ್ಯಾಂಕಿಗೆ ಆಮೇಲೆ ಹೋಗು. ಮೊದಲು ನನ್ನ ದೋಣಿ ಕಾಣುವ ಹಾಗೆ ಮಾಡಿ ಕೊಡು. ಅರ್ಧ ಕೆಲಸ ಬಿಟ್ಟು ಓಡ್ಲಿಕ್ಕೆ ಬಿಡ್ತೇನಾ ನಾನು?" ಎಂದ.

ಗಿರಿಜಕ್ಕನಿಗೆ ಬೇರೆಯೇ ತಕರಾರು ಇತ್ತು. "ಅವನ ಹತ್ರ ಎರಡು ಪುಟ ಪ್ರಶ್ನೆ ಕೇಳಿದಿಯಂತೆ. ಅವ ದೋಣಿಯ ಒಳಗೆ ಕೂತ್ಕೊಳ್ಳುವವ, ಅವನಿಗೆ ಹೊರಗಿನ ಬಣ್ಣ ಕಾಣ್ತದಾ? ದಿನಾ ನೋಡುವುದು ನಾವು. ನಮ್ಮ ಹತ್ರ ಕೇಳಿದ್ದುಂಟಾ ನೀನು?"

ಚೈತ್ರಾ ಅವಳನ್ನೇ ನೋಡುತ್ತ ಕೂತಳು. ಕಾರ್ಕಳದಲ್ಲಿ ಬಸ್ಸು ಇಳಿಯುವಾಗ, "ಗಿರಿಜಕ್ಕ ನಮ್ಮ ಕ್ಲಾಸಿಗೆ ಬರ್ಬೇಕಿತ್ತು" ಎಂದಳು. ಬ್ಯಾಂಕಿಗೆ ಹೋಗುವವಳು ಆಡುವ ಮಾತಲ್ಲ ಅದು.

ಸಂದರ್ಶನಕ್ಕೆ ಹದಿನೇಳು ದಿನ ಇತ್ತು. ಮುಂದಿನ ಭಾನುವಾರ ಅವಳು ಆರು ಪ್ಲೈವುಡ್ ಹಲಗೆಗಳಿಗೆ ಬೇರೆ ಬೇರೆ ಬಣ್ಣದ ಪಟ್ಟಿ ಬಳಿದು ತಂದಳು. ಅಣ್ಣನೂ ಸದಾಶಿವನೂ ಅವನ್ನು ದೋಣಿಯ ಬದಿಗೆ ಒಂದೊಂದಾಗಿ ನೇತುಹಾಕಿಕೊಂಡು ದೂರ ಹೋಗಿ ಬರಬೇಕು. ದಡದಲ್ಲಿ ನಿಂತ ಹೆಂಗಸರು ಯಾವಾಗ ಕಂಡಿತು ಎಂದು ಕೂಗಬೇಕು. ಚೈತ್ರಾ ಬರೆದುಕೊಳ್ಳುತ್ತಿದ್ದಳು. ಸದಾಶಿವ ಆವತ್ತು ತನ್ನ ವರ್ಷದ ಮಾತನ್ನೆಲ್ಲ ಒಟ್ಟಿಗೆ ಆಡಿದ: "ಮೀನು ಇಲ್ಲ, ಬಲೆ ಇಲ್ಲ, ಹಲಗೆ ತೋರಿಸ್ಲಿಕ್ಕೆ ಕಡಲಿಗೆ ಹೋಗುವುದು, ನಮ್ಮ ಕರ್ಮ." ಹೆಂಗಸರಿಗೆ ಮಾತ್ರ ಬಹಳ ಉತ್ಸಾಹ. ಹಲಸಿನ ತೊಳೆಯ ಬಣ್ಣ ಒಂದೇ ಇದ್ದರೆ ಬಿಸಿಲಿಗೆ ಮಾಯವಾಗುತ್ತದೆ, ಅದು ಬೇಡ ಎಂದರು. ಹಸಿರು ಬಾಬುವಿನದ್ದು, ಅದನ್ನು ತೆಗೆದುಕೊಂಡರೆ ಜಗಳ ಎಂದರು. ಬಿಳಿ ಅಲೆಯ ನೊರೆಯಲ್ಲಿ ಕಲಸಿಹೋಗುತ್ತದೆ ಎಂದರು. ಗಿರಿಜಕ್ಕ ತನ್ನ ಅಭಿಪ್ರಾಯವನ್ನು ಚೈತ್ರಾ ಬರೆದುಕೊಂಡಿದ್ದಾಳೋ ಇಲ್ಲವೋ ಎಂದು ಎರಡು ಸಲ ಪುಸ್ತಕ ನೋಡಿದಳು. ಕೊನೆಗೆ ಎಲ್ಲರಿಗಿಂತ ಮೊದಲು ಕಂಡದ್ದು, ಅಗಲವಾದ ಕೆಂಪು ಪಟ್ಟಿ ಮತ್ತು ಅದರ ನಡುವೆ ಹಳದಿ. ನಮ್ಮ ಅಪ್ಪ ಯಾವ ಹಲಗೆಯನ್ನೂ ತೂಗುಹಾಕದೆ ಅದನ್ನು ಹೇಗೆ ಕಂಡುಹಿಡಿದರೋ ಗೊತ್ತಿಲ್ಲ, ಅವರನ್ನು ಕೇಳಲು ಈಗ ಆಗುವುದಿಲ್ಲ. ಚೈತ್ರಾ ದೋಣಿಯ ಕೆಳಭಾಗದ ಬೂದಿ ನೀಲಿಯನ್ನು ಹಾಗೇ ಬಿಟ್ಟು, ಮೇಲಿನ ಅರ್ಧಕ್ಕೆ ಕೆಂಪನ್ನೂ ಹಳದಿಯನ್ನೂ ತಂದಳು. ಬೂದಿ ಕೆಳಗಿದ್ದರಿಂದ ಕೆಂಪು ಮೊದಲಿಗಿಂತ ಹೆಚ್ಚು ಎದ್ದು ಕಂಡಿತು. ಅಣ್ಣ ನೋಡಿ, "ಈಗ ನನ್ನದು ಅಂತ ಅನ್ನಿಸ್ತದೆ" ಎಂದ. ಸಭ್ಯವಾಗಿದೆಯೋ ಇಲ್ಲವೋ ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಪೋರ್ಟ್‌ಫೋಲಿಯೋದಲ್ಲಿ ತಪ್ಪನ್ನು ಹಾಕುವುದೋ ಬಿಡುವುದೋ ಎಂದು ಅವಳು ಮೂರು ದಿನ ಯೋಚಿಸಿದಳು. ಹಾಕು ಎಂದು ಮೇಷ್ಟ್ರು ಹೇಳಿದರು. ಬೇಡವೇ ಬೇಡ, ತಪ್ಪನ್ನು ತೋರಿಸಿ ಕೆಲಸ ಕೇಳುವವರು ಎಲ್ಲಾದರೂ ಉಂಟಾ ಎಂದು ನಾನು ಹೇಳಿದೆ. ನಮ್ಮ ಆಫೀಸಿನಲ್ಲಿ ಕಕ್ಷಿದಾರರಿಗೆ ಮೊದಲು ಹೇಳಿಕೊಡುವುದೇ ಅದನ್ನು, ಕೇಳದೆ ಏನನ್ನೂ ಹೇಳಬೇಡಿ ಎಂದು. ಅವಳು ಮೇಷ್ಟ್ರ ಮಾತು ಕೇಳಿದಳು. ಸಂದರ್ಶನದ ದಿನ ನಾನು ರಜೆ ಹಾಕಿ ಮಣಿಪಾಲಕ್ಕೆ ಹೋಗಿ ಆ ಕಟ್ಟಡದ ಕೆಳಗೆ ಜ್ಯೂಸ್ ಅಂಗಡಿಯಲ್ಲಿ ಕೂತಿದ್ದೆ. ನಲವತ್ತು ನಿಮಿಷ ಎಂದಿದ್ದರು, ಒಂದು ಗಂಟೆ ಹದಿನೈದು ನಿಮಿಷವಾಯಿತು. ನಾನು ಎರಡು ಜ್ಯೂಸ್ ಕುಡಿದು, ಎದ್ದು ಹೋಗುವ ಹಾಗೂ ಇಲ್ಲದೆ, ಮೂರನೆಯದಕ್ಕೆ ಹೇಳಿದೆ. ಅವಳು ಮೆಟ್ಟಿಲು ಇಳಿದು ಬರುವಾಗ ಮುಖ ನೋಡಿ ಏನೂ ತಿಳಿಯಲಿಲ್ಲ. ಮುಖ ನೋಡಿ ತಿಳಿಯುವ ನನ್ನ ಶಕ್ತಿಯ ಮೇಲೆ ನನಗೂ ಆಗ ಭರವಸೆ ಉಳಿದಿರಲಿಲ್ಲ.

"ತಗೊಂಡರು" ಎಂದಳು. "ಬೇರೆ ಕೆಲಸ ಎಲ್ಲ ಬೇಗ ಬೇಗ ತಿರುಗಿಸಿದರು. ದೋಣಿಯ ಪುಟದಲ್ಲಿ ನಿಂತರು. ನಿನ್ನ ಫೋಟೋ ನೋಡಿ ಒಬ್ಬರು ಮೇಡಂ ನಕ್ಕದ್ದೇ ನಕ್ಕದ್ದು. ಇವರು ಯಾರು ಅಂತ ಕೇಳಿದರು."

"ನೀನು ಎಂತ ಹೇಳಿದೆ?"

"ದಡದಲ್ಲಿ ಕಾಯುವವರು ಅಂತ ಹೇಳಿದೆ. ಅಮ್ಮ ಅಂತ ಹೇಳ್ಲಿಲ್ಲ, ನಿನಗೆ ಬೇಸರ ಆದ್ರೆ ಅಂತ."

ಬೇಸರವೇನೂ ಆಗಲಿಲ್ಲ. ಆ ಕ್ಷಣದಲ್ಲಿ ನನ್ನ ಇನ್ನೂ ನಾಲ್ಕು ಫೋಟೋ ಬೇಕಿದ್ದರೂ ಕೊಡುತ್ತಿದ್ದೆ. ಫೋನಿನಲ್ಲಿ ಗಂಡನಿಗೆ ಹೇಳಿದೆ. ಅವರು, "ಹಾಗಾದ್ರೆ ಬ್ಯಾಂಕಿನ ಪುಸ್ತಕ ತರುವುದು ಬೇಡ ಅಲ್ವಾ" ಎಂದರು. ಅಂಗಡಿಯ ಹೊಸ ಬೋರ್ಡಿನ ಬಗ್ಗೆ ಮಗಳ ಹತ್ತಿರ ಮಾತಾಡಬೇಕೆಂದು ಸೇರಿಸಿದರು. ಚೈತ್ರಾ ಅವರಿಗೂ ಎರಡು ಪುಟ ಪ್ರಶ್ನೆ ಕೊಟ್ಟಿದ್ದಾಳೆ. ಅದು ಇನ್ನೂ ಮುಗಿದಿಲ್ಲ.

ಕಳೆದ ತಿಂಗಳು ನಾನು ಒಬ್ಬಳೇ ಕಾಪುವಿಗೆ ಹೋಗಿದ್ದೆ. ಒಂಬತ್ತೂವರೆಗೆ ಕಡಲ ಬದಿಗೆ ಹೋದೆ. ಗಿರಿಜಕ್ಕ ಇನ್ನೂ ಬಂದಿರಲಿಲ್ಲ. ದೂರದಲ್ಲಿ ಚುಕ್ಕಿಯಷ್ಟು ಕೆಂಪು ಕಂಡಿತು, ನಡುವೆ ಹಳದಿ, ಕೆಳಗೆ ಬೂದಿ. ಅಷ್ಟು ದೂರದಿಂದ, ಯಾರ ಸಹಾಯವೂ ಇಲ್ಲದೆ, ನಾನೇ ಗುರುತಿಸಿದೆ. ನನಗಾದ ಸಂತೋಷವನ್ನು ಹೇಗೆ ಹೇಳಲಿ? ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ನೀರಿನೊಳಗೆ ಓಡಿ, "ಅಣ್ಣಾ, ಅಣ್ಣಾ" ಎಂದು ಕೂಗುತ್ತ ಎರಡೂ ಕೈ ಬೀಸಿದೆ. ದೋಣಿ ನೇರ ನನ್ನ ಕಡೆಗೇ ಬಂತು. ಹತ್ತಿರ ಬಂದ ಮೇಲೆ ನೋಡಿದರೆ ಅದರಲ್ಲಿ ನಾನು ಹುಟ್ಟಿದಾಗಿನಿಂದ ಕಾಣದ ಇಬ್ಬರು ಇದ್ದರು. ಆಮೇಲೆ ಗಿರಿಜಕ್ಕ ಹೇಳಿದಳು, ವಾಸಣ್ಣನ ದೋಣಿಯ ಬಣ್ಣ ಎಲ್ಲರಿಗೂ ಭಾರೀ ಮೆಚ್ಚಿಗೆಯಾಗಿದೆಯಂತೆ. ನಾಲ್ಕು ಮಂದಿ ಅದೇ ಬೇಕೆಂದು ಚೈತ್ರಾಳನ್ನು ಕೇಳಿದರಂತೆ. ಒಬ್ಬೊಬ್ಬರಿಗೆ ಬೇರೆ ಬೇರೆ ಮಾಡಿ ಕೊಡುತ್ತೇನೆ ಎಂದು ಅವಳು ಹೇಳಿದ್ದಕ್ಕೆ, ಬೇರೆ ಬೇಡ, ಅದೇ ಬೇಕು ಎಂದು ತಾವೇ ಬಳಿದುಕೊಂಡರಂತೆ. ಇದೆಲ್ಲ ನನಗೆ ತಿಳಿದದ್ದು ನಂತರ. ಆ ಹೊತ್ತಿನಲ್ಲಿ ನಾನು ಮೊಣಕಾಲಿನ ನೀರಿನಲ್ಲಿ ನಿಂತು ಅಪರಿಚಿತರಿಬ್ಬರಿಗೆ ಕೈ ಬೀಸುತ್ತಿದ್ದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಳ್ಳೆಯ ಜನ, ತಿರುಗಿ ಕೈ ಬೀಸಿದರು. ಥಟ್ಟನೆ ನಿಲ್ಲಿಸಿದರೆ ಚೆನ್ನಾಗಿ ಕಾಣುವುದಿಲ್ಲವೆಂದು ನಾನೂ ಅವರು ದಡ ಹತ್ತುವವರೆಗೆ ಬೀಸುತ್ತಲೇ ಇದ್ದೆ.